ಬ್ಯಾಡಗಿ ಮೆಣಸಿನಕಾಯಿಯ ಮುಂದೆ ಒಂದು ಕ್ಯಾಮ್‌ಕಾರ್ಡರ್, ಎರಡು ಲೆನ್ಸ್

ಹುಬ್ಬಳ್ಳಿಯ ವಿದ್ಯಾನಗರದಲ್ಲಿ ಪರಿಚಿತರೊಬ್ಬರ ಸಣ್ಣ ಸ್ಟುಡಿಯೊ ಇದೆ. ಬೆಳಿಗ್ಗೆ ಏಳಕ್ಕೆ ಕೇಬಲ್ ವಾಹಿನಿಗೆ ಅರ್ಧ ಗಂಟೆಯ ವಾರ್ತೆ, ಸಂಜೆ ಒಂದು ಚರ್ಚೆ, ಇವೆರಡರ ನಡುವೆ ಊರೂರು ಸುತ್ತಿ ಸುದ್ದಿ ತರುವ ಕೆಲಸ. ಅವರ ಹಳೆಯ ಕ್ಯಾಮೆರಾ ಕೈಕೊಟ್ಟಿತ್ತು. ಬಳಸಿದ ಸೋನಿ ಪಿಎಕ್ಸ್‌ಡಬ್ಲ್ಯು-ಎಕ್ಸ್400 ಮಾರಾಟಕ್ಕಿದೆ, ಜೊತೆಗೆ ಎರಡು ಕ್ಯಾನನ್ ಲೆನ್ಸ್‌ಗಳೂ ಇವೆ ಎಂದು ತಿಳಿದಾಗ ನನ್ನನ್ನು ಕರೆಸಿದರು. "ಸರ್, ಇದು ಸ್ಟುಡಿಯೊದಲ್ಲೂ ನಿಲ್ಲಬೇಕು, ಹೊರಗೂ ಹೋಗಬೇಕು. ಎರಡು ಲೆನ್ಸ್‌ಗೆ ನನ್ನ ಹತ್ತಿರ ದುಡ್ಡಿಲ್ಲ. ಯಾವುದನ್ನು ತೆಗೆದುಕೊಳ್ಳಲಿ ಎಂದು ನೀವೇ ನೋಡಿ ಹೇಳಿ" ಎಂದರು. ಮಾರುವವರು ಒಂಬತ್ತು ದಿನ ಸಮಯ ಕೊಟ್ಟಿದ್ದರು. ಆ ಒಂಬತ್ತು ದಿನದಲ್ಲಿ ಕಂಡದ್ದನ್ನು ಇಲ್ಲಿ ಬರೆಯುತ್ತಿದ್ದೇನೆ. ಇಂಥದ್ದೇ ಲೆಕ್ಕಾಚಾರದಲ್ಲಿ ಕುಳಿತಿರುವ ಸಣ್ಣ ಸ್ಟುಡಿಯೊಗಳು ನಮ್ಮ ಜಿಲ್ಲೆಗಳಲ್ಲಿ ಬಹಳ ಇವೆ.

ನಾನು ಕೆಲಸ ಕಲಿತದ್ದು ಬೀಟಾಕ್ಯಾಮ್ ಎಸ್‌ಪಿ ಎಂಬ ಟೇಪ್ ಕ್ಯಾಮೆರಾಗಳ ಕಾಲದಲ್ಲಿ. ಸಣ್ಣ ಕ್ಯಾಸೆಟ್‌ನಲ್ಲಿ ಮೂವತ್ತು ನಿಮಿಷ, ಭುಜದ ಮೇಲೆ ಏಳು ಕಿಲೋಗೆ ಹತ್ತಿರದ ಭಾರ. ಆಗ ನನಗೆ ಕಲಿಸಿದ ಹಿರಿಯರು ಕ್ಯಾಮೆರಾ ಕೈಗೆ ಕೊಡುವ ಮೊದಲು ಲೆನ್ಸ್ ಬಿಚ್ಚಿ ಕೊಟ್ಟಿದ್ದರು. ಅದನ್ನು ಬೆಳಕಿಗೆ ಹಿಡಿದು ನೋಡಿಸಿ, ಉಂಗುರಗಳನ್ನು ಒಂದೊಂದಾಗಿ ತಿರುಗಿಸಲು ಹೇಳಿ, ಆಮೇಲೆ ಕ್ಯಾಮೆರಾ ಕೊಟ್ಟರು. ಇಂದಿಗೂ ನಾನು ಅದೇ ಕ್ರಮದಲ್ಲಿ ನೋಡುತ್ತೇನೆ. ಕ್ಯಾಮೆರಾದ ದೇಹ ಎಂಟು ಹತ್ತು ವರ್ಷಕ್ಕೆ ಬದಲಾಗುತ್ತದೆ. ಇಂಥ ಭುಜದ ಕ್ಯಾಮೆರಾಗಳಿಗೆ ಜೋಡಿಸುವ ಒಳ್ಳೆಯ ಬಿ4 ಲೆನ್ಸ್ ಮೂರು ಕ್ಯಾಮೆರಾಗಳಿಗೆ ಬಾಳುತ್ತದೆ. ಹೀಗಿರುವಾಗ ಹಣದ ಹೆಚ್ಚಿನ ಪಾಲು ಗಾಜಿಗೆ ಹೋಗಬೇಕು ಎಂಬುದು ನನ್ನ ಗಟ್ಟಿ ಅಭಿಪ್ರಾಯ. ಮಾರುವವರಿಗೂ ಅದು ಗೊತ್ತಿತ್ತು. ಕ್ಯಾಮೆರಾಕ್ಕಿಂತ ಉದ್ದದ ಲೆನ್ಸ್‌ಗೇ ಹೆಚ್ಚು ಬೆಲೆ ಕೇಳಿದ್ದರು.

ಮೊದಲು ಕ್ಯಾಮೆರಾದ ಮಾತು. ಎಕ್ಸ್400 2016ರ ಮಾದರಿ. ಮೂರನೇ ಎರಡು ಇಂಚಿನ ಮೂರು ಸಿಮಾಸ್ ಸೆನ್ಸರ್‌ಗಳಿವೆ. ಒಳಗೆ ಬಂದ ಬೆಳಕನ್ನು ಪ್ರಿಸ್ಮ್ ಕೆಂಪು, ಹಸಿರು, ನೀಲಿ ಎಂದು ಒಡೆದು ಒಂದೊಂದು ಸೆನ್ಸರ್‌ಗೆ ಕಳಿಸುತ್ತದೆ. ಇದು ಪೂರ್ಣ ಎಚ್‌ಡಿ ಕ್ಯಾಮೆರಾ, 4ಕೆ ಇದರಲ್ಲಿಲ್ಲ. ಸ್ಟುಡಿಯೊದ ಹುಡುಗರಿಗೆ ಮೊದಲ ದಿನ ಅದೇ ಕೊರತೆಯಾಗಿ ಕಂಡಿತು. "ಇದೇ ಹಣಕ್ಕೆ ದೊಡ್ಡ ಸೆನ್ಸರ್‌ನ ಹೊಸ ಮಿರರ್‌ಲೆಸ್ ಬರುತ್ತದಲ್ಲ, ಸರ್" ಎಂದು ಕೇಳಿದರು. ನ್ಯಾಯವಾದ ಪ್ರಶ್ನೆ.

ಅವರಿಗೆ ಲೆಕ್ಕ ಹಾಕಿ ತೋರಿಸಿದೆ. ಮೂರನೇ ಎರಡು ಇಂಚು ಎಂಬುದು ಹೆಸರಿನ ಅಳತೆ, ಸೆನ್ಸರ್‌ನ ನಿಜವಾದ ಅಗಲ 9.6 ಮಿಲಿಮೀಟರ್. ಪೂರ್ಣ ಚೌಕಟ್ಟಿನ ಸೆನ್ಸರ್ 36 ಮಿಲಿಮೀಟರ್, ಎಂದರೆ ಹತ್ತಿರಹತ್ತಿರ ನಾಲ್ಕು ಪಟ್ಟು. ನಮ್ಮ ಲೆನ್ಸ್‌ನಲ್ಲಿ ಐರಿಸ್, ಎಂದರೆ ಬೆಳಕು ಬಿಡುವ ಕಿಂಡಿ, 1.8ಕ್ಕೆ ತೆರೆದಾಗ (ಸಂಖ್ಯೆ ಏರಿದಷ್ಟೂ ಕಿಂಡಿ ಕಿರಿದು) ಫೋಕಸ್‌ನಲ್ಲಿ ಉಳಿಯುವ ಆಳ ಎಷ್ಟೋ, ದೊಡ್ಡ ಸೆನ್ಸರ್‌ನಲ್ಲಿ ಅಷ್ಟು ಸಿಗಬೇಕಾದರೆ ಐರಿಸ್ ಸುಮಾರು 6.8ಕ್ಕೆ ಮುಚ್ಚಬೇಕು. ಅಲ್ಲಿಗೆ ದೊಡ್ಡ ಸೆನ್ಸರ್‌ನ ಬೆಳಕಿನ ಲಾಭ ಬಹುಪಾಲು ಕರಗಿಹೋಗುತ್ತದೆ. ಮದುವೆ ವಿಡಿಯೊದಲ್ಲಿ ಹಿನ್ನೆಲೆ ಮಸುಕಾದರೆ ಚೆಂದ. ಆದರೆ ಗಲಾಟೆಯ ನಡುವೆ ಹಿಂದಕ್ಕೆ ಹೆಜ್ಜೆ ಇಡುತ್ತ, ಎದುರು ನಡೆದುಬರುವವರ ಮುಖವನ್ನು ಒಬ್ಬನೇ ಫೋಕಸ್‌ನಲ್ಲಿ ಹಿಡಿಯಬೇಕಾದವನಿಗೆ ಈ ಆಳವೇ ಅನ್ನ ಕೊಡುವುದು. ಮೇಲಾಗಿ ಇಪ್ಪತ್ತೆರಡು ಪಟ್ಟು ಝೂಮ್ ಆಗುವ, ಕೊನೆಯವರೆಗೂ ಫೋಕಸ್ ಬಿಡದ ಲೆನ್ಸ್ ಅನ್ನು ದೊಡ್ಡ ಸೆನ್ಸರ್‌ಗೆ ಮಾಡಿದರೆ ಅದನ್ನು ಹೊರಲು ಇಬ್ಬರು ಬೇಕು.

ದೇಹ ಮೂರು ಕಿಲೋ ಚಿಲ್ಲರೆ. ಲೆನ್ಸ್, ಬ್ಯಾಟರಿ, ಮೈಕ್ ಸೇರಿದರೆ ಆರು ದಾಟುತ್ತದೆ. ಆದರೂ ಭುಜದ ಮೇಲೆ ಸಮತೂಕವಾಗಿ ಕೂರುತ್ತದೆ, ಮೂತಿ ಕೆಳಗೆ ಜಗ್ಗುವುದಿಲ್ಲ. ವಿದ್ಯುತ್ ಬಳಕೆ ಸುಮಾರು 20 ವ್ಯಾಟ್. 95 ವ್ಯಾಟ್-ಅವರ್ ಬ್ಯಾಟರಿಯೊಂದರಲ್ಲಿ, ಝೂಮ್ ಮೋಟಾರಿನ ಬಳಕೆಯೂ ಸೇರಿ, ನನಗೆ ನಾಲ್ಕು ಗಂಟೆಗೆ ಸ್ವಲ್ಪ ಕಡಿಮೆ ಬಂತು. ಹಳೆಯ ಟೇಪ್ ಕ್ಯಾಮೆರಾಗಳಲ್ಲಿ ಬ್ಯಾಟರಿಗಳ ಚೀಲವನ್ನೇ ಹೊತ್ತವನಿಗೆ ಇದು ದೊಡ್ಡ ನೆಮ್ಮದಿ.

ಬಣ್ಣದ ಪರೀಕ್ಷೆಗೆ ಬ್ಯಾಡಗಿಗೆ ಹೋದೆವು. ಕೆಂಪು ಬಣ್ಣ ವಿಡಿಯೊದ ಹಳೆಯ ಶತ್ರು. ಬ್ಯಾಡಗಿ ಮಾರುಕಟ್ಟೆಯಲ್ಲಿ ಸುಗ್ಗಿಯ ದಿನಗಳಲ್ಲಿ ಕಣ್ಣು ಹಾಯಿಸಿದಷ್ಟು ದೂರ ಕೆಂಪೇ ಕೆಂಪು. ಖಾರಕ್ಕಿಂತ ಬಣ್ಣಕ್ಕೇ ಹೆಸರಾದ, 2011ರಲ್ಲಿ ಭೌಗೋಳಿಕ ಗುರುತು ಪಡೆದ ಕಾಯಿ ಅದು. ಅದರ ರಾಶಿಯನ್ನು ಸರಿಯಾಗಿ ತೋರಿಸುವ ಕ್ಯಾಮೆರಾ ಬೇರೆ ಎಲ್ಲವನ್ನೂ ತೋರಿಸುತ್ತದೆ ಎಂದು ನಾನು ನಂಬಿದ್ದೇನೆ.

ಹನ್ನೊಂದು ಗಂಟೆಯ ಬಿಸಿಲು. ಈ ಕ್ಯಾಮೆರಾ ಬೆಳಕಿಗೆ ಬಹಳ ಚುರುಕು, ಕಂಪನಿಯ ಲೆಕ್ಕದಲ್ಲಿ 2000 ಲಕ್ಸ್‌ಗೆ ಎಫ್12, ಎಂದರೆ ಅಷ್ಟು ಬೆಳಕಿನಲ್ಲಿ ಐರಿಸ್ ಅನ್ನು 12ಕ್ಕೆ ಮುಚ್ಚಿದರೂ ಚಿತ್ರ ಸರಿಯಾಗಿ ಬರುತ್ತದೆ. ಕತ್ತಲೆಯಲ್ಲಿ ವರವಾಗುವ ಈ ಗುಣ ಬಯಲುಸೀಮೆಯ ಬಿಸಿಲಿನಲ್ಲಿ ಕೈಕಟ್ಟುತ್ತದೆ. ಬೆಳಕು ತಗ್ಗಿಸುವ ಎನ್‌ಡಿ ಫಿಲ್ಟರ್ ಚಕ್ರದ ನಾಲ್ಕನೇ ಮನೆಗೆ, ಎಂದರೆ ಅರವತ್ನಾಲ್ಕರಲ್ಲಿ ಒಂದು ಪಾಲು ಬೆಳಕಿಗೆ ಇಳಿದು, ಚಿತ್ರದ ಹೊಳಪನ್ನು ವಿದ್ಯುತ್ತಿನಿಂದ ಏರಿಸಿ ಇಳಿಸುವ ಗೇನ್ ಅನ್ನು ಮೈನಸ್ 3ಕ್ಕೆ ಇಟ್ಟ ಮೇಲೂ ಐರಿಸ್ 8ರ ಆಸುಪಾಸಿನಲ್ಲೇ ನಿಂತಿತು. ಇಷ್ಟು ಸಣ್ಣ ಸೆನ್ಸರ್‌ನಲ್ಲಿ 8ಕ್ಕಿಂತ ಮುಚ್ಚಿದರೆ ಚಿತ್ರದ ಚೂಪು ತಗ್ಗುತ್ತದೆ. ಆದ್ದರಿಂದ ಮಧ್ಯಾಹ್ನದ ಕೆಲಸಕ್ಕೆ ನಾಲ್ಕನೇ ಮನೆಯನ್ನು ಮರೆಯಬಾರದು ಎಂದು ಹುಡುಗರಿಗೆ ಅಲ್ಲೇ ಹೇಳಿದೆ.

ಇನ್ನು ಮುಖ್ಯವಾದದ್ದು. ವ್ಯೂಫೈಂಡರ್‌ನಲ್ಲಿ ಬೆಳಕು ಹೆಚ್ಚಾದ ಕಡೆ ಮೂಡುವ ಝೀಬ್ರಾ ಗೆರೆಗಳು ಕಾಣದಿದ್ದರೆ ಬೆಳಕು ಸರಿಯಿದೆ ಎಂದು ಎಲ್ಲರೂ ತಿಳಿಯುತ್ತಾರೆ. ಮೆಣಸಿನಕಾಯಿಯ ಮುಂದೆ ಈ ನಂಬಿಕೆ ಮುರಿಯುತ್ತದೆ. ಝೀಬ್ರಾ ಅಳೆಯುವುದು ಒಟ್ಟು ಹೊಳಪನ್ನು. ಎಚ್‌ಡಿ ಹೊಳಪಿನ ಲೆಕ್ಕದಲ್ಲಿ ಕೆಂಪಿನ ಪಾಲು ನೂರಕ್ಕೆ ಇಪ್ಪತ್ತೊಂದು ಮಾತ್ರ, ಹಸಿರಿನದು ಎಪ್ಪತ್ತೊಂದಕ್ಕೂ ಮಿಗಿಲು. ರಾಶಿಯ ಕೆಂಪು ಮಿತಿ ಮೀರಿ ಹೋಗಿದ್ದರೂ ಝೀಬ್ರಾ ಸುಮ್ಮನೆ ಕುಳಿತಿರುತ್ತದೆ. ಮಿತಿ ಮೀರಿದ ಕೆಂಪು ಅಲ್ಲೇ ನಿಂತು, ಹಸಿರು ಏರುತ್ತಲೇ ಹೋಗುವುದರಿಂದ ಕಾಯಿ ಕಿತ್ತಳೆಗೆ ತಿರುಗುತ್ತದೆ, ಸುಕ್ಕುಗಳು ಮಾಯವಾಗಿ ರಾಶಿಗೆ ಪ್ಲಾಸ್ಟಿಕ್ ಬಳಿದಂತಾಗುತ್ತದೆ. ನಾನು ಸಣ್ಣ ಮಾನಿಟರ್ ಒಂದನ್ನು ಜೋಡಿಸಿ ಕೆಂಪು, ಹಸಿರು, ನೀಲಿ ಮೂರನ್ನೂ ಬೇರೆಬೇರೆಯಾಗಿ ತೋರಿಸುವ ಗ್ರಾಫ್ ನೋಡಿದೆ. ಬೆಳಕನ್ನು ಮುಕ್ಕಾಲು ಸ್ಟಾಪ್ (ಒಂದು ಸ್ಟಾಪ್ ಇಳಿಸಿದರೆ ಬೆಳಕು ಅರ್ಧ) ಇಳಿಸಿದಾಗ ಸುಕ್ಕು ಮರಳಿ ಬಂತು, ತೊಟ್ಟಿನ ಹಳದಿ ಬೇರೆಯಾಗಿ ಕಂಡಿತು. ಮೂರು ಸೆನ್ಸರ್‌ಗಳ ಲಾಭ ಇಲ್ಲಿ ಕಣ್ಣಿಗೆ ಹೊಡೆಯುತ್ತದೆ. ರಾಶಿಯ ಅಂಚು, ಗೋಣಿಚೀಲದ ನೂಲು, ನೆರಳಿನಲ್ಲಿ ಕುಳಿತು ಕಾಯಿ ಆರಿಸುತ್ತಿದ್ದ ಹೆಂಗಸರ ಕೈಬಳೆ, ಎಲ್ಲವೂ ಒಂದರ ಬಣ್ಣ ಇನ್ನೊಂದಕ್ಕೆ ಸೋರದೆ ನಿಂತವು.

ರೆಕಾರ್ಡಿಂಗ್ ಬಗೆಗಳನ್ನೂ ಅಲ್ಲೇ ಹೋಲಿಸಿದೆ. 35 ಮೆಗಾಬಿಟ್‌ನ 4:2:0ರಲ್ಲಿ, ಎಂದರೆ ಬಣ್ಣದ ವಿವರವನ್ನು ಕಡಿಮೆ ಉಳಿಸುವ ಬಗೆಯಲ್ಲಿ, ಕೆಂಪು ರಾಶಿ ನೀಲಿ ಆಕಾಶವನ್ನು ಮುಟ್ಟುವ ಅಂಚು ಮೆಟ್ಟಿಲು ಮೆಟ್ಟಿಲಾಗಿ ಕಾಣುತ್ತದೆ. 50 ಮೆಗಾಬಿಟ್‌ನ 4:2:2ಕ್ಕೆ ಬಂದರೆ ಅದು ಹೋಗುತ್ತದೆ. ಕಾರ್ಡ್ ಉಳಿಸಲು 35ರಲ್ಲಿ ತೆಗೆಯುವ ಚಾಳಿ ನಮ್ಮ ಕಡೆ ಇದೆ, ದಯವಿಟ್ಟು ಬಿಡಿ. 64 ಜಿಬಿಯ ಎಸ್‌ಎಕ್ಸ್‌ಎಸ್ ಕಾರ್ಡ್‌ನಲ್ಲಿ 50 ಮೆಗಾಬಿಟ್‌ನಲ್ಲೇ ಸುಮಾರು ಎರಡು ಗಂಟೆ ಹಿಡಿಯುತ್ತದೆ. ಆ ಕಾರ್ಡುಗಳು ದುಬಾರಿ ಎಂಬುದು ನಿಜ. ಕೊಳ್ಳುವಾಗ ಕನಿಷ್ಠ ಎರಡು ಕಾರ್ಡ್, ಒಂದು ರೀಡರ್ ಸೇರಿಸಿಯೇ ಬೆಲೆ ಮಾತನಾಡಬೇಕು.

ಸುದ್ದಿಗೋಷ್ಠಿಯ ಪರೀಕ್ಷೆ ಮುಂದಿನದು. ಯಾವ ಕಂಪನಿಯದೇ ಆಗಲಿ, ಸಾಮಾನ್ಯ ಸಿಮಾಸ್ ಸೆನ್ಸರ್ ಚಿತ್ರವನ್ನು ಸಾಲು ಸಾಲಾಗಿ ಓದುತ್ತದೆ. ಪತ್ರಿಕಾ ಛಾಯಾಗ್ರಾಹಕರ ಫ್ಲ್ಯಾಶ್ ಸಾವಿರದಲ್ಲೊಂದು ಸೆಕೆಂಡೂ ಬೆಳಗದೆ ಆರುತ್ತದೆ. ಆ ಕ್ಷಣದಲ್ಲಿ ತೆರೆದಿದ್ದ ಸಾಲುಗಳಷ್ಟೇ ಬೆಳ್ಳಗಾಗಿ, ಚಿತ್ರದ ಅರ್ಧ ಹೊಳೆದು ಅರ್ಧ ಮಂಕಾಗಿ ಕಾಣುತ್ತದೆ. ಇಡೀ ಚಿತ್ರವನ್ನು ಒಂದೇ ಸಲ ಹಿಡಿಯುವ ಹಳೆಯ ಸಿಸಿಡಿ ಕ್ಯಾಮೆರಾಗಳಲ್ಲಿ ಇದು ಇರಲಿಲ್ಲ. ಸಭಾಂಗಣದಲ್ಲಿ ಹತ್ತು ನಿಮಿಷ ತೆಗೆದು ನೋಡಿದಾಗ ಅಂಥ ಪಟ್ಟಿಗಳು ಹಲವು ಸಿಕ್ಕವು. ಸುದ್ದಿಗೆ ಅದು ಅಡ್ಡಿಯಲ್ಲ, ಫ್ಲ್ಯಾಶ್ ಹೊಡೆಯಿತು ಎಂದು ನೋಡುಗನ ಕಣ್ಣು ಒಪ್ಪಿಕೊಳ್ಳುತ್ತದೆ. ಎಲ್ಇಡಿ ದೀಪಗಳ ಕಾಟವನ್ನು ಮಾತ್ರ ನಾವೇ ತಪ್ಪಿಸಬೇಕು. ನಮ್ಮ ವಿದ್ಯುತ್ 50 ಹರ್ಟ್ಜ್, ಅಗ್ಗದ ದೀಪಗಳು ಸೆಕೆಂಡಿಗೆ ನೂರು ಸಲ ಮಿನುಗುತ್ತವೆ. ಶಟರ್ 1/50 ಇಲ್ಲವೇ 1/100 ಇದ್ದರೆ ಶಾಂತ. ಯಾರೋ 1/60ಕ್ಕೆ ಇಟ್ಟುಹೋಗಿದ್ದರೆ ಗೋಡೆಯ ಮೇಲೆ ಪಟ್ಟೆಗಳು ತೇಲುತ್ತವೆ.

ಈಗ ಲೆನ್ಸ್‌ಗಳು. ಹೆಸರುಗಳನ್ನು ಓದಲು ಕಲಿತರೆ ಅರ್ಧ ಕೆಲಸ ಮುಗಿಯಿತು. ಎಚ್‌ಜೆ22ಇಎಕ್ಸ್7.6 ಎಂದರೆ 7.6 ಮಿಲಿಮೀಟರ್‌ನಿಂದ ಇಪ್ಪತ್ತೆರಡು ಪಟ್ಟು, ಅಂದರೆ 168ರವರೆಗೆ. ಎಚ್‌ಜೆ14ಇಎಕ್ಸ್4.3 ಎಂದರೆ 4.3ರಿಂದ ಹದಿನಾಲ್ಕು ಪಟ್ಟು, 60ರವರೆಗೆ. ಕೊನೆಯಲ್ಲಿ ಐಆರ್‌ಎಸ್‌ಇ ಎಂದಿದ್ದರೆ ಚಿತ್ರವನ್ನು ಇನ್ನೂ ಎರಡು ಪಟ್ಟು ಹತ್ತಿರ ತರುವ ಎಕ್ಸ್‌ಟೆಂಡರ್ ಒಳಗಿದೆ, ಝೂಮ್‌ಗೆ ಮೋಟಾರ್ ಇದೆ, ಫೋಕಸ್ ಕೈಯಿಂದ. ಐಎಎಸ್‌ಇ ಎಂದಿದ್ದರೆ ಫೋಕಸ್‌ಗೂ ಮೋಟಾರ್ ಉಂಟು. ಸ್ಟುಡಿಯೊದಲ್ಲಿ ಟ್ರೈಪಾಡ್‌ನ ಹಿಡಿಕೆಯಿಂದಲೇ ಫೋಕಸ್ ಮಾಡಬೇಕೆನ್ನುವವರು ಈ ಒಂದಕ್ಷರದ ವ್ಯತ್ಯಾಸ ನೋಡದೆ ಹಣ ಕೊಡಬಾರದು. ನಮಗೆ ಬಂದವು ಈ ಇಪ್ಪತ್ತೆರಡು ಮತ್ತು ಹದಿನಾಲ್ಕು ಪಟ್ಟಿನ ಲೆನ್ಸ್‌ಗಳು, ಎರಡೂ ಐಆರ್‌ಎಸ್‌ಇ. ಝೂಮ್ ಹಿಡಿಕೆ ನೇರವಾಗಿ ಸೇರಿತು, ಫೋಕಸ್‌ಗೆ ಮಾತ್ರ ಬಾಗುವ ಕೇಬಲ್ ಇರುವ ಯಾಂತ್ರಿಕ ಹಿಡಿಕೆಯನ್ನು ಬೇರೆ ತರಿಸಬೇಕಾಯಿತು.

ಲೆನ್ಸ್ ಪರೀಕ್ಷೆಗೆ ಟಾರ್ಚ್ ಸಾಕು. ಐರಿಸ್ ಪೂರ್ತಿ ತೆರೆದು, ಹಿಂದಿನಿಂದ ಓರೆಯಾಗಿ ಬೆಳಕು ಬಿಟ್ಟು, ಮುಂದಿನಿಂದ ನೋಡಬೇಕು. ಕೆಲವು ವರ್ಷಗಳ ಹಿಂದೆ ಬೇರೊಬ್ಬ ಮಾರಾಟಗಾರರಿಂದ ನಾನು ಟಾರ್ಚ್ ಹಿಡಿಯದೆ ಒಂದು ಲೆನ್ಸ್ ಕೊಂಡಿದ್ದೆ. ಕರಾವಳಿಯ ಮಳೆಗಾಲಗಳನ್ನು ಕಪಾಟಿನಲ್ಲೇ ಕಳೆದ ಲೆನ್ಸ್ ಅದು. ಒಳಗಿನ ಗಾಜಿನ ಮೇಲೆ ಜೇಡರ ಬಲೆಯಂತೆ ಬೂಷ್ಟು ಹಬ್ಬಿತ್ತು. ಸ್ಟುಡಿಯೊದ ಸಮ ಬೆಳಕಿನಲ್ಲಿ ಏನೂ ಗೊತ್ತಾಗಲಿಲ್ಲ. ಸಂಜೆ ಸೂರ್ಯನಿಗೆ ಮುಖ ಮಾಡಿದಾಗ ಚಿತ್ರವೆಲ್ಲ ಹಾಲು ಹಾಕಿದಂತೆ ಬೆಳ್ಳಗಾಯಿತು. ಒಳಗಿನ ಗುಂಪನ್ನು ಬಿಚ್ಚಿ ಒರೆಸಿ ಮತ್ತೆ ಕೂಡಿಸುವಾಗ ಕೇಂದ್ರ ತಪ್ಪಿತು, ಬಲಗಡೆಯ ಮೂಲೆ ಕೊನೆಗೂ ಸರಿಯಾಗಲಿಲ್ಲ. ಆ ನಷ್ಟದ ನೋವು ಇನ್ನೂ ಇದೆ. ಈ ಸಲ ಎರಡು ಲೆನ್ಸ್‌ಗೂ ಹತ್ತು ಹತ್ತು ನಿಮಿಷ ಟಾರ್ಚ್ ಹಿಡಿದೆ. ಹದಿನಾಲ್ಕರ ಮುಂಭಾಗದ ಗಾಜಿನಲ್ಲಿ ಕೂದಲೆಳೆಯ ಒಂದು ಗೀರು ಇತ್ತು, ಚಿತ್ರದಲ್ಲಿ ಎಲ್ಲೂ ಕಾಣಲಿಲ್ಲ. ಇಪ್ಪತ್ತೆರಡು ಸ್ವಚ್ಛವಾಗಿತ್ತು.

ಬ್ಯಾಕ್ ಫೋಕಸ್ ಎರಡರಲ್ಲೂ ತಪ್ಪಿತ್ತು. ಇದು ದೋಷವಲ್ಲ, ಲೆನ್ಸ್ ಬದಲಿಸಿದಾಗಲೆಲ್ಲ ಹೊಂದಿಸಿಕೊಳ್ಳಬೇಕಾದ ವಿಷಯ. ಬಿ4 ಮೌಂಟ್‌ನಿಂದ ಚಿತ್ರ ಬೀಳುವ ಜಾಗಕ್ಕೆ 48 ಮಿಲಿಮೀಟರ್ ಅಂತರ. ಅದರಲ್ಲಿ ಕೂದಲಿನಷ್ಟು ವ್ಯತ್ಯಾಸವಾದರೂ ಹತ್ತಿರ ಝೂಮ್ ಮಾಡಿದಾಗ ಸ್ಪಷ್ಟ, ಹಿಂದಕ್ಕೆ ಬಂದಾಗ ಮಸುಕು. ಮೂರು ಮೀಟರ್ ದೂರದಲ್ಲಿ ಚಕ್ರದ ಕಡ್ಡಿಗಳಂತೆ ಗೆರೆಗಳಿರುವ ಚಾರ್ಟ್ ಅಂಟಿಸಿ, ಐರಿಸ್ ಪೂರ್ತಿ ತೆರೆದು, ತುದಿಯವರೆಗೆ ಝೂಮ್ ಮಾಡಿ ಮುಂದಿನ ಉಂಗುರದಲ್ಲಿ ಫೋಕಸ್ ಹಿಡಿಯಬೇಕು. ಪೂರ್ತಿ ಹಿಂದಕ್ಕೆ ಬಂದು ಲೆನ್ಸ್‌ನ ಹಿಂಬದಿಯ ಬ್ಯಾಕ್ ಫೋಕಸ್ ಉಂಗುರದಲ್ಲಿ ಸರಿಪಡಿಸಬೇಕು. ಎರಡು ಮೂರು ಸಲ ಹೀಗೆ ಹೋಗಿ ಬಂದರೆ ಕೂರುತ್ತದೆ. ಐದು ನಿಮಿಷದ ಈ ಕೆಲಸ ಮಾಡದೆ ಲೆನ್ಸ್ ಕೆಟ್ಟಿದೆ ಎಂದು ಮೂಲೆಗಿಟ್ಟವರನ್ನು ನೋಡಿದ್ದೇನೆ. ಎಂಥ ಅನ್ಯಾಯ!

ಉಣಕಲ್ ಕೆರೆಯ ದಂಡೆಯಲ್ಲಿ ಇಪ್ಪತ್ತೆರಡನ್ನು ನಿಲ್ಲಿಸಿ ಕೆರೆಯ ನಡುವಿನ ವಿವೇಕಾನಂದರ ಪ್ರತಿಮೆಗೆ ಝೂಮ್ ಮಾಡಿದೆ. ಸಂಜೆಯ ತಿಳಿ ಆಕಾಶಕ್ಕೆ ಎದುರಾಗಿ ನಿಂತ ಕಪ್ಪು ಅಂಚು, ಲೆನ್ಸ್‌ನ ಬಣ್ಣಸೋರಿಕೆ ಹಿಡಿಯಲು ಇದಕ್ಕಿಂತ ಒಳ್ಳೆಯ ಜಾಗ ಊರಿನಲ್ಲಿಲ್ಲ. 168ರ ತುದಿಯಲ್ಲಿ ಅಂಚಿಗೆ ಕೂದಲೆಳೆಯಷ್ಟು ನೇರಳೆ, ಅಷ್ಟೇ. ಝೂಮ್ ಸುಮಾರು 116 ಮಿಲಿಮೀಟರ್ ದಾಟಿದ ಮೇಲೆ ಬೆಳಕು ಇಳಿಯುತ್ತ ಹೋಗಿ 1.8 ಇದ್ದದ್ದು 2.6ಕ್ಕೆ ನಿಲ್ಲುತ್ತದೆ. ರಾತ್ರಿ ಸಭೆಯಲ್ಲಿ ಮುಖಕ್ಕೆ ನಿಧಾನವಾಗಿ ಝೂಮ್ ಮಾಡಿದರೆ ಕೊನೆಗೆ ಚಿತ್ರ ಮಂಕಾಗುವುದು ಇದರಿಂದ. ಎಕ್ಸ್‌ಟೆಂಡರ್ ಹಾಕಿದರೆ ಇನ್ನೂ ಎರಡು ಸ್ಟಾಪ್ ಹೋಗುತ್ತದೆ. ಹಗಲಿನಲ್ಲಿ ಮಾತ್ರ ಅದನ್ನು ಮುಟ್ಟಬೇಕು. ಮುಟ್ಟಿದಾಗ ಬಿಳಿಗೋಡೆಯ ಮೇಲೆ ಒಂದು ಕಡೆ ತುಸು ಹಸಿರು, ಇನ್ನೊಂದು ಕಡೆ ತುಸು ನೇರಳೆ ಛಾಯೆ ಬರಬಹುದು. ಅದು ಪ್ರಿಸ್ಮ್‌ನ ಸ್ವಭಾವ, ಮೆನುವಿನ ವೈಟ್ ಶೇಡಿಂಗ್‌ನಲ್ಲಿ ಸರಿಹೋಗುತ್ತದೆ.

ವೇದಿಕೆಯಿಂದ ಐವತ್ತು ಮೀಟರ್ ದೂರದ ಬ್ಯಾರಿಕೇಡ್ ಹಿಂದೆ ನಿಂತಿದ್ದೀರಿ ಎಂದುಕೊಳ್ಳಿ. 168ರಲ್ಲಿ ಚೌಕಟ್ಟಿನ ಅಗಲ ಎರಡು ಮುಕ್ಕಾಲು ಮೀಟರ್ ಚಿಲ್ಲರೆ. ವೇದಿಕೆಯ ಮೇಲೆ ಅಕ್ಕಪಕ್ಕ ಕುಳಿತ ಇಬ್ಬರು ಮೂವರು ಸಿಗುತ್ತಾರೆ. ಎಕ್ಸ್‌ಟೆಂಡರ್ ಸೇರಿಸಿದರೆ ಒಂದೂವರೆ ಮೀಟರ್‌ಗೂ ಕಡಿಮೆ, ಮಾತನಾಡುವವರ ಮುಖದ ಮೇಲಿನ ಭಾವ ಸಿಗುತ್ತದೆ. ಹದಿನಾಲ್ಕರಲ್ಲಿ ಅಲ್ಲಿಂದ ಇಡೀ ವೇದಿಕೆಯೇ ಚಿತ್ರ.

ಆದರೆ ತೋಳಿನಳತೆಯ ದೂರದಲ್ಲಿ ಲೆಕ್ಕ ತಿರುಗುಮುರುಗು. ಕಾರಿನಿಂದ ಇಳಿದವರ ಸುತ್ತ ಮುಗಿಬಿದ್ದ ಗುಂಪಿನಲ್ಲಿ 80 ಸೆಂಟಿಮೀಟರ್ ಅಂತರವಿದ್ದರೆ ಇಪ್ಪತ್ತೆರಡಕ್ಕೆ ಒಂದು ಮೀಟರ್ ಅಗಲವಷ್ಟೇ ಕಾಣುತ್ತದೆ, ಅದರ ಫೋಕಸ್‌ನ ಹತ್ತಿರದ ಮಿತಿಯೂ ಅಲ್ಲೇ. ಮುಖ ಸಿಕ್ಕಿದರೆ ಮೈಕ್ ಸಿಗದು. ಹದಿನಾಲ್ಕು ಅದೇ ಜಾಗದಿಂದ 1.8 ಮೀಟರ್ ತೋರಿಸುತ್ತದೆ, 30 ಸೆಂಟಿಮೀಟರ್‌ವರೆಗೂ ಫೋಕಸ್ ಹಿಡಿಯುತ್ತದೆ. ಚೆನ್ನಮ್ಮ ವೃತ್ತದ ಒಂದು ಪ್ರತಿಭಟನೆಯಲ್ಲಿ ಇದನ್ನು ಹಾಕಿಕೊಂಡು ಜನರ ನಡುವೆ ನಡೆದೆ. ಬಿತ್ತಿಪತ್ರ ಹಿಡಿದ ಅಜ್ಜಿಯ ಬೆರಳಿನಿಂದ ಹಿಂದಿನ ಇಡೀ ಮೆರವಣಿಗೆಯವರೆಗೆ ಒಂದೇ ಚಿತ್ರದಲ್ಲಿ ಬಂತು. ನಡೆಯುವಾಗಿನ ಅಲುಗಾಟವೂ ಕಡಿಮೆ ಕಂಡಿತು. ಆ ದಿನ ಮನಸ್ಸು ಪೂರ್ತಿ ಹದಿನಾಲ್ಕರ ಕಡೆಗೇ ವಾಲಿತ್ತು.

ಸ್ಟುಡಿಯೊ ಅದನ್ನು ಮತ್ತೆ ಈಚೆಗೆ ತಂದಿತು. ಮೇಜಿನಿಂದ ಕ್ಯಾಮೆರಾಕ್ಕೆ ನಾಲ್ಕು ಮೀಟರ್ ಸಿಗುತ್ತದೆ. ಅಲ್ಲಿ 7.6ಕ್ಕೇ ಐದು ಮೀಟರ್ ಅಗಲ ಬರುತ್ತದೆ, ವಾಚಕಿ ಮತ್ತು ಇಬ್ಬರು ಅತಿಥಿಗಳು ಸಲೀಸಾಗಿ ಕೂರುತ್ತಾರೆ. ಇನ್ನೂ ಅಗಲವಾದರೆ ದೀಪದ ಕಂಬಗಳು ಒಳಗೆ ಬರುತ್ತವೆ. ಆ ವಾರ ವಾಚಕಿ ಇಳಕಲ್ ಸೀರೆಗೆ ಗುಳೇದಗುಡ್ಡದ ಖಣದ ಕುಪ್ಪಸ ತೊಟ್ಟು ಬಂದಿದ್ದರು. ಖಣದ ಸಣ್ಣ ನೇಯ್ಗೆ ಎಂಥ ಕ್ಯಾಮೆರಾವನ್ನೂ ಕುಣಿಸುತ್ತದೆ, ಬಟ್ಟೆಯ ಮೇಲೆ ಇಲ್ಲದ ಅಲೆಗಳು ಹರಿದಾಡುತ್ತವೆ. ಎಕ್ಸ್400ರಲ್ಲಿ ಅಂಚುಗಳನ್ನು ಚೂಪಾಗಿಸುವ ಡೀಟೇಲ್ ಅನ್ನು ಕಂಪನಿ ಇಟ್ಟ ಮಟ್ಟದಿಂದ ಸಾಕಷ್ಟು ಇಳಿಸಿದಾಗ ಅಲೆ ಬಹುಪಾಲು ನಿಂತಿತು, ಮುಖದ ಚರ್ಮವೂ ಮೃದುವಾಯಿತು. ಬಟ್ಟೆ ಬದಲಿಸಿ ಎಂದು ಅವರಿಗೆ ಹೇಳಬೇಕಾಗಲಿಲ್ಲ ಎಂಬುದು ನನಗೆ ತುಂಬ ಸಂತೋಷ ಕೊಟ್ಟಿತು. ನಮ್ಮ ನೆಲದ ಬಟ್ಟೆಯನ್ನು ನಮ್ಮ ವಾರ್ತೆಯಲ್ಲಿ ತೋರಿಸಲಾಗದ ಕ್ಯಾಮೆರಾ ಇದ್ದರೇನು ಬಂತು!

ನಿಯಂತ್ರಣ ಕೋಣೆಯಿಂದ ಐರಿಸ್ ಮತ್ತು ಬಣ್ಣ ಹೊಂದಿಸುವುದು, ಕ್ಯಾಮೆರಾಮನ್‌ಗೆ ಮಾತು ತಲುಪಿಸುವುದು, ಕೆಂಪು ದೀಪ ಹೊತ್ತುವುದು, ಎಲ್ಲ ಒಂದೇ ಕೇಬಲ್‌ನಲ್ಲಿ ಬೇಕೆಂದರೆ ಫೈಬರ್ ಅಡಾಪ್ಟರ್ ಮತ್ತು ಕ್ಯಾಮೆರಾವನ್ನು ದೂರದಿಂದ ನಿಯಂತ್ರಿಸುವ ಸಿಸಿಯು ಪೆಟ್ಟಿಗೆ ಬೇಕು. ಅದಕ್ಕೆ 50 ಪಿನ್‌ನ ಬೋರ್ಡ್ ಅನ್ನು ಈ ಮಾದರಿಗೆ ಪ್ರತ್ಯೇಕವಾಗಿ ಹಾಕಿಸಬೇಕು, ನಮ್ಮ ಕ್ಯಾಮೆರಾದಲ್ಲಿ ಅದಿರಲಿಲ್ಲ. ಒಂದೇ ಕೋಣೆಯ ಸ್ಟುಡಿಯೊಗೆ ಅಷ್ಟು ಖರ್ಚು ಬೇಡ ಎಂದೆ. ಚಿತ್ರ ಸಾಗಿಸುವ ಎಸ್‌ಡಿಐಗೆ ಒಂದು ಕೇಬಲ್, ಕ್ಯಾಮೆರಾವನ್ನು ಸ್ಟುಡಿಯೊದ ಉಳಿದ ಉಪಕರಣಗಳ ಲಯಕ್ಕೆ ಹೊಂದಿಸುವ ಜೆನ್‌ಲಾಕ್‌ಗೆ ಒಂದು, ರಿಮೋಟ್‌ಗೆ ಒಂದು, ಮೂರನ್ನೂ ಸೇರಿಸಿ ಕಟ್ಟಿ ನೆಲಕ್ಕೆ ಅಂಟಿಸಿದೆವು. ಹೊರಗೆ ಹೋಗುವಾಗ ಮೂರು ಕೇಬಲ್ ಕಿತ್ತು ಟ್ರೈಪಾಡ್‌ನಿಂದ ಎತ್ತಿಕೊಂಡರೆ ಎರಡು ನಿಮಿಷ.

ಎಂಟನೇ ದಿನ ನನ್ನ ತೀರ್ಮಾನ ಹೇಳಿದೆ. ಕ್ಯಾಮೆರಾ ತೆಗೆದುಕೊಳ್ಳಿ. ಮೆನುವಿನಲ್ಲಿ ಓಡಿದ ಗಂಟೆಗಳ ಲೆಕ್ಕ ನೋಡಿದ್ದೇನೆ, ಹೆಚ್ಚು ದುಡಿದಿಲ್ಲ. ಲೆನ್ಸ್‌ಗಳಲ್ಲಿ ಇಪ್ಪತ್ತೆರಡನ್ನು ಕೊಳ್ಳಿ, ಹದಿನಾಲ್ಕನ್ನು ಬೇಕಾದ ದಿನ ಬಾಡಿಗೆಗೆ ತನ್ನಿ. ನಿಮ್ಮ ಸ್ಟುಡಿಯೊಗೆ ಇಪ್ಪತ್ತೆರಡು ಸಾಕು. ಜಿಲ್ಲೆಯ ಸುದ್ದಿಯ ಬಹುಪಾಲು ಬ್ಯಾರಿಕೇಡ್ ಆಚೆ ನಡೆಯುತ್ತದೆ, ಅಲ್ಲಿಗೆ ನಡೆದು ಹೋಗಲು ಬಿಡುವುದಿಲ್ಲ. ಗುಂಪಿನೊಳಗೆ ಹುಡುಗರು ಒಂದು ಹೆಜ್ಜೆ ಹಿಂದೆ ಸರಿದು ನಿಲ್ಲುವುದನ್ನು ಕಲಿಯಬಹುದು.

ಅವರು ಹಾಗೆಯೇ ಮಾಡಿದರು. ಮಾರುವವರು ಕೇಳಿದ್ದಕ್ಕೆ ಸ್ವಲ್ಪ ಇಳಿದು, ಎರಡು ಕಾರ್ಡ್ ಸೇರಿಸಿ ಕೊಟ್ಟರು. ಹದಿನಾಲ್ಕನ್ನು ಹಿಂತಿರುಗಿಸುವ ಮುನ್ನ ಅದರ ಮುಂಭಾಗಕ್ಕೆ ಮೆತ್ತಿದ್ದ ಮೆಣಸಿನಕಾಯಿಯ ಧೂಳನ್ನು ಮೊದಲು ಗಾಳಿಯಿಂದ ಊದಿ, ಆಮೇಲೆ ಮೆತ್ತನೆಯ ಬ್ರಷ್ ಆಡಿಸಿ, ಕೊನೆಗೆ ಬಟ್ಟೆ ಮುಟ್ಟಿಸಿ ತೆಗೆದೆ. ಒಣಧೂಳಿನ ಮೇಲೆ ನೇರ ಬಟ್ಟೆ ಎಳೆದರೆ ಗಾಜಿಗೆ ಗೀರು ಬೀಳುತ್ತದೆ. ಸ್ಟುಡಿಯೊದ ಕಿರಿಯ ಹುಡುಗ ಪಕ್ಕದಲ್ಲಿ ನಿಂತು ನೋಡುತ್ತಿದ್ದ. ಇಪ್ಪತ್ತೆರಡನ್ನು ಅವನ ಕೈಗೆ ಕೊಟ್ಟು, ಟಾರ್ಚ್ ಹಚ್ಚಿದೆ.